ಕಡಲೆಗೊಂದಿಯ ಕೂಲಿದಿಬ್ಬ

ಕಡಲೆಗೊಂದಿಯಲ್ಲಿ ಬಸ್ಸಿನಿಂದಿಳಿದು, ಶೇಂಗಾ ಹೊಲಗಳ ನಡುವಿನ ಮಣ್ಣುರಸ್ತೆ ಹಿಡಿದು ಮೂಡಲಿಗೆ ಸ್ವಲ್ಪ ದೂರ ನಡೆದರೆ ಕೆರೆಯ ಏರಿ ಎದುರಾಗುತ್ತದೆ. ಏರಿ ಹತ್ತಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ನೀರಲ್ಲ, ನೀರಿನ ನಡುವೆ ನಿಂತಿರುವ ಒಂದು ಮಣ್ಣಿನ ದಿಬ್ಬ. ಅದರ ಬುಡದ ಸುತ್ತ ಒರಟು ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದ್ದಾರೆ. ನೆತ್ತಿಯ ಮೇಲೆ ಗರಿಕೆ ಹುಲ್ಲು, ಒಂದು ಕುಳ್ಳ ಜಾಲಿಗಿಡ, ಸಂಜೆಯಾದರೆ ಬೆಳ್ಳಕ್ಕಿಗಳು. ತೆಂಕಣ ಮಗ್ಗುಲು ಒಳಕ್ಕೆ ಕೊರೆದಂತಿದ್ದು, ನೋಡಿದವರು ಅದನ್ನು ಅಲೆಗಳ ಕೆಲಸವೆಂದು ತಿಳಿಯುತ್ತಾರೆ. ಕೆಲವು ವರ್ಷಗಳ ಹಿಂದೆ ಏರಿಯ ತುದಿಯಲ್ಲಿ ಯಾರೋ ಒಂದು ಫಲಕ ನೆಟ್ಟು 'ಸುಂದರ ನಡುಗಡ್ಡೆ' ಎಂದು ಬರೆಸಿದ್ದಾರೆ. ಬಂದವರು ಅದನ್ನು ಓದಿ, ದಿಬ್ಬಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು, ಅಲ್ಲಿ ಯಾವ ದೇವರ ಗುಡಿ ಇತ್ತು ಎಂದು ಕೇಳುತ್ತಾರೆ. ಯಾವ ದೇವರ ಗುಡಿಯೂ ಇರಲಿಲ್ಲ. ಅದು ನಡುಗಡ್ಡೆಯೂ ಅಲ್ಲ. ಅದರ ಹೆಸರು ಕೂಲಿದಿಬ್ಬ. ಕಾಗದಪತ್ರಗಳಲ್ಲಿ ಕೆರೆಗೆ ಕಾಟವ್ವನ ಕೆರೆ ಎಂಬ ಹೆಸರಿದ್ದರೂ, ಸುತ್ತಿನ ಹಳ್ಳಿಗಳಲ್ಲಿ ಕೂಲಿದಿಬ್ಬದ ಕೆರೆ ಎಂದು ಕೇಳಿದರೇ ದಾರಿ ತೋರಿಸುತ್ತಾರೆ.

ನಾನು ಈ ಊರಿನ ಗ್ರಂಥಾಲಯವನ್ನು ಬಹಳ ಕಾಲ ನೋಡಿಕೊಂಡವನು. ನನಗೆ ಬರುತ್ತಿದ್ದುದಕ್ಕೆ ಗೌರವಧನ ಎಂದು ಹೆಸರು. ಆ ಹೆಸರಿನ ತೊಂದರೆ ಏನೆಂದರೆ, ಅದು ಬರದಿದ್ದಾಗ ಕೇಳಲು ಬಾಯೇ ಬರುವುದಿಲ್ಲ. ಗೌರವವನ್ನು ಯಾರಾದರೂ ಕೇಳಿ ಪಡೆಯುತ್ತಾರೆಯೇ? ಎದುರಿನ ಶಾಲೆಯ ಮೇಷ್ಟರಿಗೆ ಮಾತ್ರ ಸಂಬಳ, ಅವರು ಧಾರಾಳವಾಗಿ ಕೇಳುತ್ತಿದ್ದರು. ನಮ್ಮಜ್ಜನ ಕಾಲದಲ್ಲಿ ಬಡಗಿಗೂ ಕಮ್ಮಾರನಿಗೂ ಸುಗ್ಗಿಯ ಕಣದಲ್ಲೇ ಆಯವೆಂದು ವರ್ಷದ ಪಾಲಿನ ಕಾಳು ಅಳೆಯುತ್ತಿದ್ದರು. ಅದನ್ನು ಅವರು ಕೇಳಬೇಕಾಗಿರಲಿಲ್ಲ, ಕೊಡದವನೇ ಊರಲ್ಲಿ ತಲೆ ತಗ್ಗಿಸಿ ಓಡಾಡಬೇಕಾಗಿತ್ತು. ಪೂಜೆ ಮಾಡಿಸಿದವರಿಗೆ ದಕ್ಷಿಣೆ, ಭಾಷಣ ಮಾಡಿದವರಿಗೆ ಸಂಭಾವನೆ, ಹೋಟೆಲಿನ ಮಾಣಿಗೆ ಭಕ್ಷೀಸು. ಜೀತ ಎಂಬ ಮಾತಿಗೂ ಒಂದು ಕಾಲಕ್ಕೆ ದುಡಿದವನ ಜೀವನಕ್ಕೆ ಕೊಡುವ ಸಂಬಳವೆಂದೇ ಅರ್ಥವಿತ್ತಂತೆ; ಈಗ ಆ ಮಾತಿಗೆ ಸಾಲಕ್ಕೆ ಸಿಕ್ಕಿ ಸಂಬಳವಿಲ್ಲದೆ ದುಡಿಯುವುದೆಂದೇ ಅರ್ಥ. ಇನ್ನು, ಏನೂ ಕೊಡದೆ ದುಡಿಸಿಕೊಂಡರೆ ಅದು ಬಿಟ್ಟಿ. ಇಷ್ಟೊಂದು ಹೆಸರುಗಳನ್ನು ಹಿರಿಯರು ಬಾಯಿಚಪಲಕ್ಕೆ ಇಟ್ಟದ್ದಲ್ಲ. ಯಾರು ಕೇಳಬಹುದು, ಯಾರು ಸುಮ್ಮನಿರಬೇಕು, ಪಡೆದ ಮೇಲೆ ಯಾರಿಗೆ ಯಾರು ಬಗ್ಗಿ ನಡೆಯಬೇಕು ಎಂಬುದೆಲ್ಲ ಹೆಸರಿನ ಜೊತೆಗೇ ಬರುತ್ತದೆ. ಕೂಲಿಯನ್ನು ಅಳೆದು ಕೇಳಬಹುದು, ಪಡೆದ ಮೇಲೆ ಮೈ ಕೊಡವಿಕೊಂಡು ಎದ್ದು ಹೋಗಬಹುದು. ದಾನವನ್ನು ಅಳೆಯುವಂತಿಲ್ಲ, ಪಡೆದವನು ಅಷ್ಟು ಸುಲಭವಾಗಿ ಎದ್ದು ಹೋಗುವಂತೆಯೂ ಇಲ್ಲ. ಈ ದಿಬ್ಬ ನಿಂತದ್ದು ಆ ವ್ಯತ್ಯಾಸದಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಕಡಲೆಗೊಂದಿಯ ಸುತ್ತಿನ ಹಳ್ಳಿಗಳನ್ನು ಬಿಲ್ಲಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ದೊಡ್ಡ ಪಾಳೆಯವೇನಲ್ಲ, ಒಂದು ಮಣ್ಣಿನ ಕೋಟೆ, ಒಂದಿಷ್ಟು ಕುದುರೆ, ಮಾತಿಗಿಂತ ಮೊದಲು ಮೀಸೆ ಮುಟ್ಟಿಕೊಳ್ಳುವ ಅಭ್ಯಾಸ. ಕೆಟ್ಟವನೆಂದು ಅವನ ಕಾಲದವರು ಯಾರೂ ಹೇಳಿದಂತಿಲ್ಲ. ಅವನ ತಾಯಿ ಕಾಟವ್ವ ನಾಗತಿ ಈ ಊರಿಗೆ ಸೊಸೆಯಾಗಿ ಬಂದಾಗ ಕೋಟೆಗೆ ಕುಡಿಯುವ ನೀರನ್ನು ಗುಡ್ಡದಾಚೆಯ ಹಳ್ಳದಿಂದ ಹೊತ್ತು ತರಬೇಕಿತ್ತಂತೆ. ಆಕೆ ಮುದುಕಿಯಾಗಿ ಕಣ್ಣು ಮಂಜಾದ ಮೇಲೆ ಮಗನಿಗೆ, ತಾಯಿಯ ಹೆಸರಲ್ಲಿ ಒಂದು ಕೆರೆ ಕಟ್ಟಿಸಬೇಕು, ಆಕೆ ಕಣ್ಣು ಮುಚ್ಚುವ ಮೊದಲು ಅದರ ನೀರು ಆಕೆಯ ಬಾಯಿಗೆ ಬೀಳಬೇಕು ಎಂಬ ಆಸೆಯಾಯಿತು. ಕೆರೆ ಕಟ್ಟಿಸಿದವರ ಪುಣ್ಯ ನೀರಿರುವವರೆಗೂ ಬೆಳೆಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ತಾಯಿಗೆ ಅದಕ್ಕಿಂತ ದೊಡ್ಡದೇನನ್ನು ಮಗ ಕೊಡಬಲ್ಲ?

ಕೆರೆ ಅಗೆಯಲು ಬಂದವರು ಮಣ್ಣಿನ ಕೆಲಸದ ಒಡ್ಡರು. ಅವರ ಮಕ್ಕಳ ಮಕ್ಕಳನ್ನು ಈಗ ಭೋವಿಗಳೆಂದು ಕರೆಯುತ್ತೇವೆ. ಕತ್ತೆಗಳ ಮೇಲೆ ಗುಡಾರ, ಗುದ್ದಲಿ, ಬುಟ್ಟಿ ಹೇರಿಕೊಂಡು ಕೆಲಸವಿದ್ದಲ್ಲಿಗೆ ಹೋಗಿ, ಮುಗಿದ ಮೇಲೆ ಇನ್ನೊಂದು ಊರಿಗೆ ಹೊರಡುತ್ತಿದ್ದ ಜನ. ಆ ಗುಂಪಿನ ಯಜಮಾನಿ ನರಸಕ್ಕ ಎಂಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಗುಂಪು ತಾನಾಗಿಯೇ ಆಕೆಯ ಮಾತು ಕೇಳತೊಡಗಿತ್ತು. ಎತ್ತರದ ಆಳು, ಬಾಯಲ್ಲಿ ಸದಾ ಎಲೆಯಡಿಕೆ, ಜನರಿಗಿಂತ ಕತ್ತೆಗಳ ಜೊತೆ ಹೆಚ್ಚು ಮಾತು. ಏನಾದರೂ ಒಪ್ಪಿಗೆಯಾಗದಿದ್ದರೆ ಕೂಗಾಡದೆ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದಳಂತೆ. ಅವಳು ಕೂತಳೆಂದರೆ ಗುಂಪಿನ ಗುದ್ದಲಿಗಳೆಲ್ಲ ನಿಲ್ಲುತ್ತಿದ್ದವು.

ಇಲ್ಲಿ ಆ ಜನರ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ದೊಡ್ಡ ಗುಂಡಿ ಅಗೆಯುವಾಗ ನಡುವೆ ಅಲ್ಲಲ್ಲಿ ನೆಲವನ್ನು ಮುಟ್ಟದೆ ದಿಬ್ಬದಂತೆ ಹಾಗೇ ಬಿಡುತ್ತಿದ್ದರು. ಅದರ ನೆತ್ತಿಯ ಮೇಲೆ ಹಳೆಯ ನೆಲದ ಗರಿಕೆ ಇದ್ದಂತೆಯೇ ಇರುತ್ತಿತ್ತು. ಆಮೇಲೆ ಯಾರಾದರೂ ಮಣ್ಣು ಸುರಿದು ಎತ್ತರಿಸಿದರೆ ಗರಿಕೆ ಮುಚ್ಚಿಹೋಗಿ ಕಳ್ಳತನ ಗೊತ್ತಾಗುತ್ತಿತ್ತು. ಗರಿಕೆಯಿಂದ ಗುಂಡಿಯ ತಳದವರೆಗೆ ಗಳೆ ನಿಲ್ಲಿಸಿ ಅಳೆದರೆ ಎಷ್ಟು ಆಳ ಅಗೆದಿದ್ದಾರೆಂದು ತಿಳಿಯುತ್ತದೆ, ಅದರ ಮೇಲೆ ಕೂಲಿ. ಈ ದಿಬ್ಬಕ್ಕೆ ಸಾಕ್ಷಿ ಎನ್ನುತ್ತಿದ್ದರು. ಅಳತೆಯಲ್ಲಿ ಸಾಕ್ಷಿಯ ಮಣ್ಣೂ ಸೇರಿರುತ್ತಿತ್ತು. ಕೂಲಿ ಕೈಗೆ ಬಂದ ಮೇಲೆ ಅಗೆದವರು ಸಾಕ್ಷಿಯನ್ನು ಕಡಿದು, ಆ ಮಣ್ಣನ್ನು ಏರಿಗೆ ಹಾಕಿ, ಆಮೇಲೆ ಊರು ಬಿಡಬೇಕು. ಅಂದರೆ ಎಲ್ಲ ಕೆಲಸವೂ ಕೂಲಿಗಿಂತ ಮೊದಲು, ಈ ಕೊನೆಯ ಕೆಲಸ ಮಾತ್ರ ಕೂಲಿಯ ನಂತರ. ಅಷ್ಟು ನಂಬಿಕೆ ಇಬ್ಬರ ನಡುವೆಯೂ ಇರಬೇಕಾಗಿತ್ತು.

ಕೆರೆ ಮುಗಿಯುವ ಹೊತ್ತಿಗೆ ಮುಂಗಾರು ಹತ್ತಿರವಾಗಿತ್ತು. ಚಿಕ್ಕ ಸಾಕ್ಷಿಗಳನ್ನೆಲ್ಲ ಕೆಲಸದ ನಡುವೆಯೇ ಅಳೆದು ತೆಗೆದಾಗಿತ್ತು. ನಟ್ಟನಡುವಿನ ದೊಡ್ಡದೊಂದೇ ಉಳಿದಿತ್ತು. ಆಗ ಯಾರು ಕಿವಿಯೂದಿದರೋ, ಅಥವಾ ನಾಯಕನ ತಲೆಯಲ್ಲೇ ಹುಟ್ಟಿತೋ, ಕೆರೆಯ ಪೂಜೆಯ ದಿನ ದೊಡ್ಡ ದಾನ ಮಾಡಬೇಕೆಂಬ ಯೋಚನೆ ಬಂತು. ಕೆರೆ ಕಟ್ಟಿಸಿದ್ದೊಂದು ಪುಣ್ಯ, ಕಟ್ಟಿದವರಿಗೆ ದಾನ ಮಾಡಿದ್ದು ಇನ್ನೊಂದು ಪುಣ್ಯ. ಖರ್ಚು ಹೇಗೂ ಮಾಡಲೇಬೇಕು. ಒಂದೇ ಖರ್ಚಿನಲ್ಲಿ ಎರಡು ಪುಣ್ಯ ಬರುವುದಾದರೆ ಯಾರಿಗೆ ಬೇಡ? ಏರಿಯ ಮೇಲೆ ಚಪ್ಪರ ಹಾಕಿ, ಜೋಳ, ನವಣೆ, ಸೀರೆ, ಕಂಬಳಿಗಳ ರಾಶಿ ಹಾಕಿಸಿದ. ಅಗೆದವರೆಲ್ಲ ಸಾಲಾಗಿ ಕೂರಬೇಕು, ನಾಯಕ ನೀರು ಬಿಟ್ಟು ಧಾರೆಯೆರೆದು ಕೊಡುವುದನ್ನು ಬೊಗಸೆಯೊಡ್ಡಿ ತೆಗೆದುಕೊಳ್ಳಬೇಕು. ಅಳತೆಯ ಗೊಡವೆ ಬೇಡ. ಲೆಕ್ಕಕ್ಕೆ ಬರುವುದಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂದು ಡಂಗುರ ಹೊಡೆಸಿದ. ಇದರಲ್ಲಿ ಯಾರಿಗೂ ಬೇಸರವಾಗಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಊರಿನವರಿಗೂ ಹೊಳೆಯಲಿಲ್ಲವೆನ್ನಿ, ಒಡ್ಡರ ಅದೃಷ್ಟ ನೋಡು ಎಂದು ಹೊಟ್ಟೆಕಿಚ್ಚುಪಟ್ಟವರೇ ಹೆಚ್ಚು.

ನರಸಕ್ಕ ಮಾತ್ರ ಚಪ್ಪರದ ಹೊರಗೇ ನಿಂತಳು. ಗುಂಪಿನವರೂ ಅವಳ ಹಿಂದೆ ನಿಂತರು. ನಾಯಕ ಕರೆಸಿ ಕೇಳಿದಾಗ ಆಕೆ ಹೇಳಿದ್ದು ಚಿಕ್ಕ ಮಾತು.

"ಹೆಚ್ಚು ಬ್ಯಾಡ ಬುದ್ದಿ. ಗಳೆ ಇಟ್ಟು ಅಳೀರಿ, ಅಳತೆಗೆ ಎಷ್ಟು ಬತ್ತದೋ ಅಷ್ಟು ಕೊಡ್ರಿ. ಇದು ನಿಮ್ ಕೂಲಿ ಅಂತ ಒಂದ್ ಮಾತು ಅನ್ರಿ, ಸಾಕು."

"ದಾನ ಅಂದ್ರೆ ನಿನ್ ಗಂಟೇನು ಹೋಗ್ತದೆ?" ಎಂದ ನಾಯಕ. "ಜೋಳ ಜೋಳವೇ ಅಲ್ವೇನು?"

ಆಗ ನರಸಕ್ಕ ತನ್ನ ಅಣ್ಣನ ವಿಷಯ ಹೇಳಿದಳು ಎನ್ನುತ್ತಾರೆ. ಅವಳ ಒಡಹುಟ್ಟಿದ ಅಣ್ಣನಿಗೂ ಒಂದು ಗುಂಪಿತ್ತು. ಬಡಗಣ ಸೀಮೆಯ ಒಬ್ಬ ದೊರೆ, ಊರಿನ ಹೆಸರನ್ನು ಆಕೆ ಹೇಳಲಿಲ್ಲ, ಬಾವಿ ತೋಡಿಸಿದ ಮೇಲೆ ಹೀಗೆಯೇ ಸಾಲಾಗಿ ಕೂರಿಸಿ ಸೀರೆ ಪಂಚೆ ಹೊದಿಸಿ ಕಾಳು ಸುರಿದಿದ್ದ. ಎಲ್ಲರೂ ಹಿಗ್ಗಿ ಬೊಗಸೆ ಒಡ್ಡಿದ್ದರು. ಮುಂದಿನ ಬೇಸಿಗೆ ದೊರೆಯ ಆಳುಗಳು ಬಂದು ಕೋಟೆಗೆ ಕಲ್ಲು ಹೊರಲು ಕರೆದರು. ಕೂಲಿ ಎಷ್ಟು ಎಂದು ಕೇಳಿದ್ದಕ್ಕೆ, ಹೋದ ಸಲ ಕೂಲಿ ಕೇಳಿದ್ದಿರಾ, ನಮ್ಮ ಅನ್ನ ಉಂಡಿದ್ದೀರಿ, ನಮ್ಮ ಬಟ್ಟೆ ಉಟ್ಟಿದ್ದೀರಿ, ನಮ್ಮ ಮನೆಯ ಜನ ನೀವು, ಮನೆಯವರು ಕೂಲಿ ಕೇಳುತ್ತಾರೆಯೇ ಎಂದರು. ಪಂಚಾಯ್ತಿ ಸೇರಿದವರೂ ಅದನ್ನೇ ಹೇಳಿದರು, ಏಕೆಂದರೆ ಬೊಗಸೆ ಒಡ್ಡಿದ್ದನ್ನು ಊರೆಲ್ಲ ನೋಡಿತ್ತು. ಅಣ್ಣ ಅಲ್ಲೇ ಕಲ್ಲು ಹೊತ್ತು ಸತ್ತ. ಅವನ ಮಕ್ಕಳು ಇನ್ನೂ ಆ ಕೋಟೆಯ ಹಿಂದಿನ ಕೇರಿಯಲ್ಲಿದ್ದಾರೆ. ಅವರ ಕತ್ತೆಗಳನ್ನೂ ದೊರೆಯ ಲಾಯದಲ್ಲಿ ಕಟ್ಟಿದ್ದಾರೆ. ಇಷ್ಟು ಹೇಳಿ ನರಸಕ್ಕ, "ನಾನು ಇಲ್ಲಿಂದ ನನ್ ಕತ್ತೆ ಹೊಡ್ಕೊಂಡು ಹೋಗ್ಬೇಕು ಬುದ್ದಿ, ಅಷ್ಟೇ," ಎಂದಳು.

ಆ ಮಾತು ನಾಯಕನಿಗೆ ಕೇಳಿಸಲಿಲ್ಲವೆಂದಲ್ಲ. ಆದರೆ ಡಂಗುರ ಹೊಡೆಸಿಯಾಗಿತ್ತು, ಸುತ್ತಿನ ಪಾಳೆಯದವರಿಗೆ ಕರೆ ಹೋಗಿತ್ತು, ಚಪ್ಪರದ ತುಂಬ ಜನ. ಅಷ್ಟು ಜನರ ಮುಂದೆ ಮಣ್ಣು ಹೊರುವ ಹೆಂಗಸೊಬ್ಬಳು ತನ್ನನ್ನು ಆ ಕೆಟ್ಟ ದೊರೆಯ ಪಕ್ಕದಲ್ಲಿ ನಿಲ್ಲಿಸಿದಳಲ್ಲ ಎಂಬ ಉರಿ ಬೇರೆ. ನಾನೇನು ಅಂಥವನೇ ಎಂದು ಕೇಳುವ ಬದಲು ಅವನು ಮೀಸೆ ಮುಟ್ಟಿಕೊಂಡ. ಪೂಜೆ ನಿಲ್ಲಲಿ, ರಾಶಿ ಇಲ್ಲೇ ಇರಲಿ, ಮಳೆ ಬಂದ ಮೇಲೆ ಇವಳಿಗೆ ಬುದ್ಧಿ ಬರುತ್ತದೆ ಎಂದು ಎದ್ದು ಹೋದ. ಮಳೆ ಎಂದದ್ದು ಸುಮ್ಮನೆಯಲ್ಲ. ಹಳ್ಳ ಬಂದು ಗುಂಡಿ ತುಂಬಿದರೆ ಹಸಿ ಮಣ್ಣಿನ ಸಾಕ್ಷಿ ಕರಗಿ ಕುಸಿಯುತ್ತದೆ. ಸಾಕ್ಷಿ ಕುಸಿದರೆ ಎಷ್ಟು ಅಗೆದರೆಂದು ಹೇಳಲು ಏನೂ ಉಳಿಯುವುದಿಲ್ಲ. ಆಮೇಲೆ ನಾಯಕ ಕೊಟ್ಟದ್ದೇ ಕೊಟ್ಟದ್ದು, ಅವನು ಇಟ್ಟ ಹೆಸರೇ ಹೆಸರು.

ನರಸಕ್ಕ ಗುಂಡಿಗಿಳಿದು ಸಾಕ್ಷಿಯನ್ನು ಹತ್ತಿ ಅದರ ನೆತ್ತಿಯ ಗರಿಕೆಯ ಮೇಲೆ ಕೂತಳು. ಹೆಂಗಸು ಕೂತಿರುವಾಗ ಅದಕ್ಕೆ ಯಾರೂ ಗುದ್ದಲಿ ಹಾಕಲಾರರು ಎಂಬುದು ಅವಳ ಧೈರ್ಯ. ಗುಂಪಿನವರು ಕತ್ತೆಗಳ ಮೇಲೆ ಗುಡ್ಡದ ಕಲ್ಲು ತಂದು ಸಾಕ್ಷಿಯ ಬುಡಕ್ಕೆ ಒತ್ತಿ ಕಟ್ಟತೊಡಗಿದರು, ನೀರು ಬಂದರೂ ಬುಡ ಕರಗದಿರಲೆಂದು. ಆ ಕಲ್ಲುಗಳೇ ಇಂದಿಗೂ ಕಾಣುವುದು. ಈ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಮೇಲಿನ ಗುಡ್ಡಗಳ ಕಡೆ ಮೋಡ ಒಡೆಯಿತು. ಇಲ್ಲಿ ಹನಿ ಬೀಳುವ ಮೊದಲೇ ಹಳ್ಳ ಕೆಂಪಗೆ ಬಂತು. ಗುಂಡಿಯಲ್ಲಿದ್ದವರು ಏರಿ ಹತ್ತಿದರು, ನರಸಕ್ಕ ಸಾಕ್ಷಿಯಿಂದ ಇಳಿಯಲಿಲ್ಲ. ಮಗಳು ಏರಿಯ ಮೇಲಿಂದ ಅತ್ತು ಕರೆದರೂ ಬರಲಿಲ್ಲ. ಇಲ್ಲೂ ಮಳೆ ಹಿಡಿಯಿತು, ನೀರು ಕಲ್ಲುಕಟ್ಟಿನ ಮೇಲೆ ಹತ್ತಿತು. ಊರಿನವರು ಬಂದು ಏರಿಯ ಮೇಲೆ ಸಾಲಾಗಿ ನಿಂತರು. ಹೊಸ ಕೆರೆಯ ಮೊದಲ ನೀರಿಗೆ ಒಂದು ಹೆಣ ಬಿದ್ದರೆ ಆ ನೀರನ್ನು ಕುಡಿಯುವವರಾರು? ಚಪ್ಪರದಲ್ಲಿ ರಾಶಿ ಹಾಕಿದ್ದ ಜೋಳ ನೆನೆಯದಂತೆ ಅದರ ಮೇಲೆ ಕಂಬಳಿ ಹೊದಿಸಿದ್ದರು. ನರಸಕ್ಕನ ಮೈಮೇಲೆ ಮಾತ್ರ ಒಂದು ಕಂಬಳಿಯೂ ಇರಲಿಲ್ಲ.

ಕೋಟೆಯೊಳಗೆ ಕಾಟವ್ವ ನಾಗತಿಗೆ ಇದೊಂದೂ ಗೊತ್ತಿರಲಿಲ್ಲ. ಪೂಜೆ ಏಕೆ ನಿಂತಿತು ಎಂದು ಕೇಳಿದರೆ ಮಗ ಮುಹೂರ್ತ ಸರಿಯಿಲ್ಲ ಎಂದಿದ್ದ. ಕಣ್ಣು ಮಂಜಾದರೂ ಕಿವಿ ಚುರುಕಾಗಿದ್ದ ಮುದುಕಿ. ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೆಂಗಸರು ಒಬ್ಬರಿಗೊಬ್ಬರು ಪಿಸುಗುಟ್ಟಿದ್ದನ್ನು ಕೇಳಿ ಅವರನ್ನು ಕರೆದು ಎಲ್ಲವನ್ನೂ ಹೇಳಿಸಿಕೊಂಡಳು. ಡೋಲಿ ತರಿಸಿ ಮಳೆಯಲ್ಲೇ ಏರಿಗೆ ಬಂದಳು. ನಾಯಕ ಅಲ್ಲೇ ಇದ್ದ. ನೀರು ಏರುವುದನ್ನು ನೋಡಲಾರದೆ, ಬಿಟ್ಟು ಹೋಗಲೂ ಆರದೆ, ಚಪ್ಪರದ ಕಂಬ ಹಿಡಿದು ನಿಂತಿದ್ದನಂತೆ. ತಾಯಿ ಅವನನ್ನು ಬಯ್ಯಲಿಲ್ಲ. ಅವನ ತೋಳು ಹಿಡಿದು ನೀರಿನ ಕಡೆ ತಿರುಗಿ ಕೇಳಿದಳು.

"ಮಗಾ, ಈ ಕೆರೆ ಯಾರ್ದು?"

"ನಿನ್ದವ್ವ. ನಿನ್ ಹೆಸರಲ್ಲೇ ಕಟ್ಸಿದ್ದು."

"ಅಗೆದೋರಿಗೆ ಕೂಲಿ ಕೊಟ್ಯಾ?"

"ಕೂಲಿ ಅಲ್ಲವ್ವ, ಅದಕ್ಕಿಂತ ಹೆಚ್ಚೇ ದಾನ..."

"ಅದು ನೀ ನಿನ್ ಕೈಯಾರೆ ಕೊಡೋದು, ಆ ಪುಣ್ಯ ನಿನ್ಗೆ," ಎಂದಳು ಮುದುಕಿ. "ಕೂಲಿ ಕೊಡದೆ ಅಗೆಸಿದ್ ಕೆರೆ ಅಗೆದೋರ್ದು. ಅಲ್ಲಿ ಕೂತಾಳಲ್ಲ, ಅವಳ್ ಕೆರೆ ಇದು. ನಾ ಅವಳ್ ಪುಣ್ಯ ಕದ್ಕೊಂಡು ಯಾವ ಮುಖ ಇಟ್ಕೊಂಡು ಮೇಲಕ್ ಹೋಗ್ಲಿ?"

ಎರಡು ಪುಣ್ಯ ಗಳಿಸಲು ಹೋಗಿ ತಾಯಿಗೆಂದು ಎತ್ತಿಟ್ಟ ಒಂದನ್ನೂ ಕಳೆದುಕೊಳ್ಳುತ್ತಿದ್ದೇನೆಂದು ನಾಯಕನಿಗೆ ತಿಳಿದದ್ದು ಆಗ. ಮೀಸೆ ಮುಟ್ಟಿಕೊಳ್ಳಲಿಲ್ಲ. ರುಮಾಲು ತೆಗೆದು ತಾಯಿಯ ಕೈಗೆ ಕೊಟ್ಟು, ಅಳೆಯುವ ಗಳೆಯನ್ನು ಹಿಡಿದು, ಕೆಸರು ನೀರಿಗೆ ತಾನೇ ಇಳಿದ. ಆಳುಗಳು ಹಿಂದೆ ಬರಹೋದರೆ ಬೇಡವೆಂದ. ಎದೆಮಟ್ಟದ ನೀರಿನಲ್ಲಿ ಗಳೆಯನ್ನೇ ಊರಿಕೊಂಡು ದಿಬ್ಬದ ಹತ್ತಿರ ಹೋಗಿ, ನೀರಿನಡಿ ತಳ ಸಿಗುವವರೆಗೆ ಗಳೆಯನ್ನು ಇಳಿಸಿ ನಿಲ್ಲಿಸಿ ಹಿಡಿದ. ನರಸಕ್ಕ ಮೇಲಿಂದ ಬಗ್ಗಿ, ಗರಿಕೆಯ ಮಟ್ಟಕ್ಕೆ ಗಳೆಯ ಮೇಲೆ ಹೆಬ್ಬೆರಳಿಟ್ಟು, ಉಗುರಿನಿಂದ ಗೀರಿ ಗುರುತು ಮಾಡಿದಳು. ಒಬ್ಬರು ಕೆಳಗೆ ಹಿಡಿದು ಒಬ್ಬರು ಮೇಲೆ ಗುರುತಿಡದೆ ಆ ಅಳತೆ ಆಗುವಂತೆಯೇ ಇರಲಿಲ್ಲ. ಆಮೇಲೆ ನಾಯಕ ಏರಿಯ ಮೇಲಿದ್ದವರಿಗೆಲ್ಲ ಕೇಳುವಂತೆ, "ನರಸಕ್ಕಾ, ಈ ಅಳತೆಗೆ ಬಂದದ್ದು ನಿನ್ ಜನದ ಕೂಲಿ. ಮುಟ್ಟಿತಾ?" ಎಂದು ಕೂಗಿದ.

"ಮುಟ್ಟಿತು ಬುದ್ದಿ," ಎಂದಳು ನರಸಕ್ಕ. ಆಮೇಲೆ ಇಳಿದಳು. ಚಳಿಗೆ ಕಾಲು ಮರಗಟ್ಟಿ ನಡೆಯಲಾರದೆ ಹೋದಾಗ ನಾಯಕ ಗಳೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದು ದಡಕ್ಕೆ ಕರೆತಂದ. ಕಾಟವ್ವ ಮಗನ ರುಮಾಲಿನಿಂದಲೇ ಅವಳ ತಲೆ ಒರೆಸಿದಳು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬೇರೆಯವರು ಹೇಳುವಾಗ ಇದಿಲ್ಲ. ನನಗೆ ಮಾತ್ರ ಇದನ್ನು ಬಿಡಲು ಮನಸ್ಸಿಲ್ಲ.

ಗಳೆಯ ಗುರುತಿಗೆ ಸರಿಯಾಗಿ ಜೋಳ ಅಳೆದರು. ರಾಶಿಯಲ್ಲಿ ಹೆಚ್ಚಾಗಿ ಉಳಿದದ್ದನ್ನು ತೋರಿಸಿ ನರಸಕ್ಕ, ಇದನ್ನು ಈಗ ಬೇಕಾದವರಿಗೆ ದಾನ ಮಾಡಿ, ಬೇಡ ಅನ್ನುವವರು ಯಾರು ಎಂದು ನಕ್ಕಳಂತೆ. ನಾಯಕ ಹಾಗೆಯೇ ಮಾಡಿದ. ಪೂಜೆ ಆಯಿತು, ಕಾಟವ್ವ ಕೆರೆಯ ನೀರನ್ನು ಅಂಗೈಯಲ್ಲಿ ಹಿಡಿದು ಕುಡಿದಳು. ಒಂದೇ ಒಂದು ಕೆಲಸ ಉಳಿಯಿತು. ಸಾಕ್ಷಿಯ ಸುತ್ತ ನೀರು ನಿಂತಿತ್ತು, ಕಡಿಯುವಂತಿರಲಿಲ್ಲ. "ಆ ಮಣ್ಣಿನ ಕೂಲೀನೂ ಇದ್ರಾಗೆ ಬಂದೈತೆ. ನೀರು ಬತ್ತಿದಾಗ ಬಂದು ಕಡೀತೀವಿ," ಎಂದು ಹೇಳಿ ನರಸಕ್ಕ ಕತ್ತೆಗಳನ್ನು ಹೊಡೆದುಕೊಂಡು ಗುಂಪಿನೊಂದಿಗೆ ಹೊರಟುಹೋದಳು. ಏರಿಯ ಮೇಲೆ ನಿಂತು ಅವರು ಹೋಗುವುದನ್ನು ನೋಡಿದ ಊರಿನವರಿಗೆ, ಈ ಜನ ಇನ್ನು ಬರುತ್ತಾರೆಯೇ ಎಂಬ ಅನುಮಾನವಿತ್ತು. ಕೂಲಿ ತೆಗೆದುಕೊಂಡು ಹೋದವರು ಉಳಿದ ಕೆಲಸಕ್ಕೆ ತಿರುಗಿ ಬಂದದ್ದನ್ನು ಅವರು ಕಂಡಿರಲಿಲ್ಲ. ನಾವಾದರೂ ಕಂಡಿದ್ದೇವೆಯೇ?

ಮಳೆ ಕೈ ಬಿಡದ ವರ್ಷಗಳು ಅವು. ಕೆರೆ ಬತ್ತದೆ ಕೆಲವು ಬೇಸಿಗೆಗಳು ಕಳೆದವು. ಅಷ್ಟರಲ್ಲಿ ಕಾಟವ್ವ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಆಕೆಯನ್ನು ಏರಿಯ ಮೇಲೆ ತಂದು ಕೂರಿಸುತ್ತಿದ್ದರಂತೆ. ಮಂಜುಗಣ್ಣಿಗೆ ನೀರು ಆಕಾಶ ಒಂದೇ ಬಣ್ಣವಾಗಿ ಕಂಡರೂ, ನಡುವೆ ಕಪ್ಪಗೆ ನಿಂತ ದಿಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅದೋ ಕೂಲಿದಿಬ್ಬ ಎಂದು ಬೆರಳು ತೋರಿಸಿ ಆ ಹೆಸರನ್ನು ಮೊದಲು ಕರೆದವಳು ಆಕೆಯೇ ಎನ್ನುತ್ತಾರೆ. ನೀರು ತರಲು ಬಂದ ಹೆಂಗಸರು ಅದನ್ನೇ ಹಿಡಿದರು, ಆಮೇಲೆ ಊರೇ ಹಿಡಿಯಿತು.

ಕೊನೆಗೊಂದು ಬೇಸಿಗೆ ಕೆರೆ ಬತ್ತಿತು. ಯಾರೂ ಹೇಳಿಕಳಿಸದೆ ನರಸಕ್ಕನ ಗುಂಪು ಗುದ್ದಲಿ ಬುಟ್ಟಿಗಳೊಂದಿಗೆ ಬಂದು ಇಳಿಯಿತು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಸುದ್ದಿ ತಿಳಿದು ನಾಯಕ ಓಡಿ ಬಂದ. ತಾಯಿ ನೋಡುತ್ತಿದ್ದ ದಿಬ್ಬ, ಅದನ್ನು ಕಡಿಯಬೇಡ, ಹಾಗೇ ಇರಲಿ ಎಂದ. ನರಸಕ್ಕ ಒಪ್ಪಲಿಲ್ಲ. ಕೂಲಿ ತೆಗೆದುಕೊಂಡು ಕೆಲಸ ಮಾಡದಿದ್ದರೆ ಅಷ್ಟರಮಟ್ಟಿಗೆ ಅದು ದಾನವೇ ಆಯಿತಲ್ಲ. ಅವತ್ತು ನೀರಲ್ಲಿ ಕೂತದ್ದು ಏತಕ್ಕೆ? ಬೇಡವೆಂದರೆ ಆ ಮಣ್ಣಿನ ಪಾಲಿನ ಜೋಳವನ್ನು ಅಳೆದು ವಾಪಸು ಕೊಡುತ್ತೇನೆ ಎಂದಳು. ವಾಪಸು ತೆಗೆದುಕೊಂಡರೆ ಸಾಕ್ಷಿಯ ಮಣ್ಣಿಗೆ ಕೂಲಿ ಕೊಡದಂತಾಯಿತು, ತಾಯಿಯ ಕೆರೆಯಲ್ಲಿ ಅಷ್ಟು ಭಾಗ ತಾಯಿಯದಲ್ಲದಂತಾಯಿತು. ನಾಯಕನಿಗೆ ಅದೂ ಬೇಡ. ನರಸಕ್ಕ ದಿಬ್ಬದ ಪಕ್ಕದಲ್ಲಿ ಒಣನೆಲದ ಮೇಲೆ ಕೂತುಬಿಟ್ಟಳು. ಅವಳು ಕೂತದ್ದನ್ನು ಕಂಡು ನಾಯಕನೂ ಎದುರಿಗೆ ಕೂತ. ಆಮೇಲೆ ನಾಯಕನೇ ಬಾಯಿ ಬಿಟ್ಟ.

"ಕೆಲಸ ಬ್ಯಾಡ ಅಂತ ನಾ ಅಂತಿಲ್ಲ ನರಸಕ್ಕ. ಅವಸರ ಇಲ್ಲ ಅಂತೀನಿ."

ನರಸಕ್ಕ ಅವನ ಮುಖ ನೋಡಿದಳು. ಎಲೆಯಡಿಕೆಯ ಬಾಯಲ್ಲಿ ನಗು ತಡೆಯಲಾಗಲಿಲ್ಲವಂತೆ. ಎದ್ದು, ದಿಬ್ಬದ ತೆಂಕಣ ಮಗ್ಗುಲಿಗೆ ಒಂದೇ ಒಂದು ಗುದ್ದಲಿ ಹಾಕಿ, ಬಿದ್ದ ಮಣ್ಣನ್ನು ಬುಟ್ಟಿಗೆ ತುಂಬಿ, ತಾನೇ ಹೊತ್ತುಕೊಂಡು ಹೋಗಿ ಏರಿಗೆ ಸುರಿದಳು. "ಉಳಿದದ್ದು ನಿಧಾನಕ್ಕೆ ಬುದ್ದಿ," ಎಂದಳು.

ಅಂದಿನಿಂದ ನೀರು ಇಳಿದ ಬೇಸಿಗೆಗಳಲ್ಲೆಲ್ಲ ಆ ಮನೆತನದವರು ಒಬ್ಬರಾದರೂ ಬರುತ್ತಾರೆ. ತೆಂಕಣ ಮಗ್ಗುಲಿನಿಂದ ಒಂದು ಬುಟ್ಟಿ ಮಣ್ಣು ತೆಗೆದು, ಏರಿಗೆ ಹಾಕಿ, ಊರಿನಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಕುಡಿಯದೆ ಹೋಗುತ್ತಾರೆ. ಮಜ್ಜಿಗೆ ಕೊಡಲು ನಾವು, ಬೇಡವೆನ್ನಲು ಅವರು, ಪ್ರತಿ ಸಲವೂ ಒಂದು ಪ್ರಸಂಗ. ಪಾಳೆಯಗಳು ಹೋದವು, ಕೋಟೆ ಜಾಲಿಗಿಡಗಳ ನಡುವೆ ಮಣ್ಣಾಯಿತು, ಈ ಕೆಲಸ ಮಾತ್ರ ನಿಂತಿಲ್ಲ. ಕಡಲೆಗೊಂದಿಯಲ್ಲಿ ಇಂದಿಗೂ ಆಳಿಗೆ ದುಡ್ಡು ಕೊಡುವಾಗ ತಗೋ ಎಂದು ಯಾರೂ ಅನ್ನುವುದಿಲ್ಲ. ಕೂಲಿ ಮುಟ್ಟಿತಾ ಎಂದು ಕೇಳುತ್ತಾರೆ. ಪಡೆದವರು ಮುಟ್ಟಿತು ಎನ್ನುತ್ತಾರೆ, ಕೈ ಮುಗಿಯುವುದಿಲ್ಲ. ಹೊರಗಿನಿಂದ ಬಂದವರಿಗೆ ಇದು ಸೊಕ್ಕಿನಂತೆ ಕಾಣುತ್ತದೆಂದು ಕೇಳಿದ್ದೇನೆ. ಕಾಣಲಿ ಬಿಡಿ.

ಹೋದ ಬೇಸಿಗೆಯಲ್ಲಿ ಬಂದದ್ದು ಆ ಮನೆತನದ ವನಜಾಕ್ಷಿ ಎಂಬ ಹುಡುಗಿ. ಅವಳ ಅಣ್ಣನಿಗೆ ಎರಡು ಜೆಸಿಬಿ ಇವೆ, ಅದರಲ್ಲಿ ಒಂದನ್ನು ಅವಳೇ ಓಡಿಸುತ್ತಾಳಂತೆ. ಪಕ್ಕದ ಊರಿನ ರಸ್ತೆ ಕೆಲಸ ಅವರದೇ. ಹಳದಿ ಬಣ್ಣದ ಆ ಯಂತ್ರವನ್ನು ಏರಿಯ ಕೆಳಗೆ ನಿಲ್ಲಿಸಿ ಇಳಿದು ಬಂದಳು. ಬಿದಿರಿನ ಬುಟ್ಟಿ ಸಿಗಲಿಲ್ಲವೆಂದು ಕಬ್ಬಿಣದ ಬಾಂಡ್ಲಿ ತಂದಿದ್ದಳು. ಅದರಲ್ಲಿ ಮಣ್ಣು ತುಂಬಿ ತಲೆಯ ಮೇಲೆ ಹೊತ್ತು ತಂದು ಏರಿಗೆ ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡಳು. ಫಲಕದ ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದವರು ಏನಿದು ಎಂದು ನೋಡುತ್ತಿದ್ದರು. ನನಗೆ ಚೇಷ್ಟೆ ಮಾಡುವ ಮನಸ್ಸಾಯಿತು. ಕೆಳಗೆ ನಿಂತ ಯಂತ್ರವನ್ನು ತೋರಿಸಿ, "ಅದನ್ನ ಇಳಿಸಿದ್ರೆ ಮಧ್ಯಾಹ್ನದೊಳಗೆ ಮುಗಿದು ಹೋಗ್ತದಲ್ಲವ್ವ, ಇನ್ನೂ ಎಷ್ಟು ಕಾಲ ಹಿಂಗೆ ಹೊರ್ತೀರಿ?" ಎಂದೆ.

ವನಜಾಕ್ಷಿ ಬಾಂಡ್ಲಿಯನ್ನು ಕೊಡವಿ ಕಂಕುಳಲ್ಲಿ ಇಟ್ಟುಕೊಂಡು, ದಿಬ್ಬದ ಕಡೆ ಒಮ್ಮೆ ನೋಡಿದಳು.

"ಅವಸರ ಇಲ್ಲ ಅಂತ ನಾಯಕ್ರೇ ಹೇಳ್ಯಾರಲ್ಲ ಅಜ್ಜಾ," ಎಂದು ಹೇಳಿ ಏರಿ ಇಳಿದು ಹೋದಳು.